ಕುಡಿಕೆಯ ನೀರು

"ಅಂಗಲ್ಲ ಕಣ್ಲಾ, ಎಡಗಡೆ ಎಗಲ್ಗೆ ಮಡಿಕ್ಕೊ," ಎನ್ನುತ್ತ ಹೊನ್ನಪ್ಪ ನೀರು ತುಂಬಿದ ಮಡಕೆಯನ್ನು ರವೀಂದ್ರನ ಹೆಗಲಿಗೇರಿಸಿದ.

ರವೀಂದ್ರನ ಅವ್ವ ಚಿಕ್ಕಬೋರಮ್ಮ ಸೌದೆಯ ಮೇಲೆ ಮಲಗಿದ್ದಳು. ಹೊಳೆ ಇಳಿದು ವಾರವಾಗಿರಲಿಲ್ಲ, ಸೌದೆಯೂ ಹಸಿ.

"ಒಳೆ ಬಂದಾಗ ಒಂದು ಜೀವನೂ ಓಗ್ನಿಲ್ಲ. ಒನ್ನಪ್ಪನ ಟ್ರಾಕ್ಟ್ರು ಇಲ್ದಿದ್ರೆ ಊರೇ ಕೊಚ್ಕಂಡೋಗದು," ಎಂದಳು ಪಕ್ಕದ ಮನೆಯ ಕುಳ್ಳಮ್ಮ.

"ಊ ಮತ್ತೆ," ಎಂದ ಅವಳ ಗಂಡ ಕರಿಯಯ್ಯ. "ನಮ್ಮಕ್ಕ ನೀರಲ್ಲಿ ಬದುಕ್ಕಂಡು ಸಕ್ಕರೆ ಕಾಯ್ಲೇಲಿ ಓಗ್ಬುಟ್ಲು. ಅವಳ ಟೈಮು."

"ಟೈಮಲ್ಲ ಮಾವ. ಸೂಜಿಮದ್ದು ಸಿಗ್ನಿಲ್ಲ," ಎಂದ ರವೀಂದ್ರ.

"ಸ್ಕೂಲಲ್ಲಿ ಎಲ್ಲರ್ಗೂ ಚುಚ್ಚುದ್ರಲ್ಲಪ್ಪ?"

"ಅದು ಕಾಲರಾದು!"

"ಸೂಜಿ ಸೂಜಿನೇ ಬುಡು."

ಬೆಳಗಿನಿಂದ ಇದನ್ನೇ ಹೇಳಿ ಹೇಳಿ ರವೀಂದ್ರನ ಬಾಯಿ ಒಣಗಿತ್ತು. ತನಗೇ ಸರಿಯಾಗಿ ಹೇಳಲು ಬರುವುದಿಲ್ಲವೇನೋ ಅನ್ನಿಸಿತು.

*

ಮನೆಯಲ್ಲಿ ಫ್ರಿಜ್ಜಿರಲಿಲ್ಲ. ರವೀಂದ್ರ ಅವ್ವನ ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ತುಂಬಿದ ಮಣ್ಣಿನ ಕುಡಿಕೆಯೊಳಗೆ ಬಿಟ್ಟು ಕತ್ತಲೆ ಮೂಲೆಯಲ್ಲಿಡುತ್ತಿದ್ದ. ದಿನಾ ನೀರು ಬದಲಿಸುತ್ತಿದ್ದ; ಗಾಜಿನ ಸಿರಿಂಜು ಕುದಿಸಿ ತಾನೇ ಚುಚ್ಚುತ್ತಿದ್ದ.

"ಎಂಡ್ತಿ ಬಂದ್ರೆ ಅವಳ್ನೂ ಇಂಗೇ ನೋಡ್ಕತಿಯೇನ್ಲಾ?" ಎಂದು ಅವ್ವ ನಗುತ್ತಿದ್ದಳು.

ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಬೀದಿಯಲ್ಲಿ ಸೊಂಟದುದ್ದ ನೀರು. ಒಂದು ಕೈಯಲ್ಲಿ ಅವ್ವನನ್ನು ಹಿಡಿದು, ಇನ್ನೊಂದರಲ್ಲಿ ಕುಡಿಕೆ ಅವಚಿಕೊಂಡು ರವೀಂದ್ರ ಹೊನ್ನಪ್ಪನ ಟ್ರಾಕ್ಟರಿನ ಟ್ರೈಲರಿನ ಹತ್ತಿರ ಬಂದ.

"ಸುತ್ತ ಸಮುದ್ರದಂಗದೆ, ಇವ್ನು ನೀರೊತ್ಕಂಡು ಬತ್ತಾವ್ನೆ ನೋಡ್ರಲಾ!" ಎಂದ ಹೊನ್ನಪ್ಪ. ಅಷ್ಟು ಭಯದಲ್ಲೂ ಟ್ರೈಲರಿನವರೆಲ್ಲ ನಕ್ಕರು.

ರವೀಂದ್ರ ಅವ್ವನನ್ನು ಎತ್ತಿ ಹತ್ತಿಸುತ್ತಿದ್ದ. ಅಷ್ಟರಲ್ಲಿ ಹೊನ್ನಪ್ಪ ಅವನ ಕಂಕುಳಲ್ಲಿದ್ದ ಕುಡಿಕೆ ಕಿತ್ತು ಬಗ್ಗಿಸಿಬಿಟ್ಟ. "ಅವ್ವನ ಮದ್ದು ಕಣಣ್ಣೋ!" ಎಂಬ ರವೀಂದ್ರನ ಕೂಗು ಇಂಜಿನ್ ಸದ್ದಿನಲ್ಲಿ ಅಡಗಿಹೋಯಿತು. ಪ್ಲಾಸ್ಟಿಕ್ಕಿನ ಗಂಟು ಕೆಂಪು ನೀರಿನಲ್ಲಿ ಒಮ್ಮೆ ಕಂಡು ಮುಳುಗಿತು.

ದಿಬ್ಬದ ಶಾಲೆಯಲ್ಲಿ ಅನ್ನವಿತ್ತು, ಕಂಬಳಿಯಿತ್ತು, ವಾಂತಿಭೇದಿಗೆ ಮಾತ್ರೆಯಿತ್ತು, ಕಾಲರಾ ಸೂಜಿಯಿತ್ತು. "ಸಕ್ಕರೆ ಕಾಯಿಲೆಗೇನೂ ಕೊಟ್ಟು ಕಳಿಸಿಲ್ಲಪ್ಪ, ಪಟ್ಟಣಕ್ಕೆ ಕರ್ಕೊಂಡು ಹೋಗು," ಎಂದರು ನರ್ಸಮ್ಮ. ಪಟ್ಟಣದ ಸೇತುವೆಯ ಮೇಲೆ ಹೊಳೆ ಹರಿಯುತ್ತಿತ್ತು.

ಅವ್ವ ನೀರು ನೀರು ಎಂದಳು. ಚೊಂಬುಗಟ್ಟಲೆ ಕುಡಿದಳು. ಹೊಳೆ ಇಳಿದು ಸೇತುವೆಯ ದಾರಿ ಬಿಡುವ ಹೊತ್ತಿಗೆ ಕೇಳುವುದನ್ನೇ ನಿಲ್ಲಿಸಿದ್ದಳು.

*

ಚಿತೆಯ ಸುತ್ತ ಮೊದಲ ಸುತ್ತು ಮುಗಿಯಿತು. ಹೊನ್ನಪ್ಪ ಮಚ್ಚಿನ ತುದಿಯಿಂದ ಮಡಕೆಗೆ ತೂತು ಹೊಡೆದ. ನೀರು ಚಿಮ್ಮಿತು.

"ಅಣ್ಣ, ಅವತ್ತು ನೀನು ಚೆಲ್ಲಿದ ಕುಡಿಕೇಲಿ ಅವ್ವನ ಮದ್ದಿತ್ತು."

ಹೊನ್ನಪ್ಪ ಕಣ್ಣು ಕಿರಿದು ಮಾಡಿದ. "ಯಾವ ಕುಡಿಕೆಲಾ? ಊರ್ನೆಲ್ಲ ಹತ್ತಿಸ್ದೆ, ಯಾರ ಕೈಲೇನಿತ್ತು ಅಂತ ಏನ್ ಗ್ಯಾನ ಇರ್ತದೆ? ನಡಿ, ಬಿಸ್ಲೇರ್ತದೆ."

ರವೀಂದ್ರ ಬಲಗೈ ಎತ್ತಿ, ಅಂಗೈಯನ್ನು ತೂತಿಗೆ ಒತ್ತಿ ಹಿಡಿದ.

"ಕೈ ತಗಿಯಲಾ, ನೀರು ಸುರೀಬೇಕು," ಎಂದ ಕರಿಯಯ್ಯ.

ಬೆರಳುಗಳ ಸಂದಿನಿಂದ ಜಿನುಗಿದ ನೀರು ಮೊಣಕೈಗಿಳಿಯುತ್ತಿತ್ತು. ರವೀಂದ್ರ ಅಂಗೈಯನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡು ಎರಡನೇ ಸುತ್ತಿಗೆ ಕಾಲಿಟ್ಟ.