ಮರಸೇಬಿನೊಳಗಿನ ಮರಳು

ಅತ್ತೆ ಮರಸೇಬಿನ ಹೋಳನ್ನು ಬಾಯಿಗಿಟ್ಟು ಎರಡು ಸಲ ಅಗಿದವರೇ ಮುಖ ಕಿವುಚಿದರು.

"ರೀ, ಹಣ್ಣು ತೊಳೆದಿರೋ, ಇಲ್ಲ ನೀರು ತೋರಿಸಿ ತಂದಿರೋ? ಬರೀ ಮರಳು!"

ಮಾವನಿಗೆ ರೇಗಿತು. ಬಡಗಿ ಕೆಲಸದಲ್ಲೇ ಕೂದಲು ನರೆತ ಮನುಷ್ಯ. ಹಿತ್ತಲಿನ ಆ ಮರ ಅವರೇ ಕೈಯಾರೆ ನೆಟ್ಟದ್ದು.

"ಉಜ್ಜಿ ಉಜ್ಜಿ ತೊಳೆದಿದ್ದೀನಿ ಕಣೇ. ಮರಳು ನಿನ್ನ ನಾಲಿಗೆ ಮೇಲಿದೆ."

ಮಾತಿಗೆ ಮಾತು ಬೆಳೆದು, ಸಂಜೆಯ ಹೊತ್ತಿಗೆ ಇಬ್ಬರೂ ಏನಿದ್ದರೂ ಸೊಸೆಯ ಕೈಲೇ ಹೇಳಿಸುವಂತಾಯಿತು. ಸೊಸೆ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಒಂದು ಹಣ್ಣಿನ ಸಿಪ್ಪೆ ಸುಲಿದು ಒಳಗಿನ ತಿರುಳನ್ನಷ್ಟೇ ತಿಂದು ನೋಡಿದಳು. ಆಗಲೂ ಹಲ್ಲಿಗೆ ಕರಕರ!

"ಮಾವ, ನಾಳೆ ನನ್ನ ಜೊತೆ ಬನ್ನಿ. ಏನಿದೆ ಅಂತ ನೋಡೇಬಿಡೋಣ."

ಮಾರನೆಯ ದಿನ ಪ್ರಯೋಗಾಲಯದಲ್ಲಿ ಅವಳು ತಿರುಳನ್ನು ಬ್ಲೇಡಿನಿಂದ ಹೆರೆದಳು. ಮೊದಲಿನ ಚೂರುಗಳು ದಪ್ಪವಾಗಿ, ಮೈಕ್ರೋಸ್ಕೋಪಿನಲ್ಲಿ ಮೋಡ ಕವಿದಂತೆ ಕಂಡವು. ಕೊನೆಗೆ ಬೆಳಕು ದಾಟುವಷ್ಟು ತೆಳುವಾದದ್ದೊಂದು ಸಿಕ್ಕಿತು. ಗಾಜಿನ ಮೇಲಿಟ್ಟು ಬಣ್ಣ ಬರಿಸುವ ದ್ರಾವಣ ಬಿಟ್ಟು, ಮೇಲೊಂದು ಹನಿ ಆಸಿಡ್ ಹಾಕಿದಳು.

"ಇದು ಎಲ್ಲದಕ್ಕೂ ಬಣ್ಣ ಹಚ್ಚಲ್ಲ ಮಾವ. ಜೀವಕೋಶದ ಗೋಡೆಯಲ್ಲಿ ಲಿಗ್ನಿನ್ ಇದ್ರೆ ಮಾತ್ರ ಕೆಂಪಾಗುತ್ತೆ. ಮರವನ್ನ ಗಟ್ಟಿ ಮಾಡೋದು ಅದೇ."

ಮಾವ ಬಗ್ಗಿ ನೋಡಿದರು. ನೀರುಗುಳ್ಳೆಯಂಥ ಬಣ್ಣವಿಲ್ಲದ ಕೋಶಗಳು. ನಡುನಡುವೆ ಕಡುಗೆಂಪು ಗೊಂಚಲುಗಳು.

"ಇವೇನಮ್ಮಾ ಇವು?"

"ಕಲ್ಲುಕೋಶಗಳು. ಅತ್ತೆಗೆ ಸಿಕ್ಕಿದ ಮರಳು ಇದೇ. ಎಷ್ಟು ತೊಳೆದರೂ ಹೋಗಲ್ಲ, ಹಣ್ಣಿನ ಸ್ವಂತದ್ದು."

"ಅಂದ್ರೆ ಹಣ್ಣಿನೊಳಗೆ ಮರಾನಾ?" ಮಾವ ಕಿವಿಯ ಸಂದಿಯ ಪೆನ್ಸಿಲ್ ತೆಗೆದರು. "ಇದನ್ನ ಹೆರೆದು ಹಾಕು ನೋಡೋಣ."

ಪೆನ್ಸಿಲ್ಲಿನ ಕಟ್ಟಿಗೆ ಕೆಂಪಾಯಿತು. ಅಂಗಿಯಿಂದ ಹತ್ತಿಯ ಎಳೆಯೊಂದನ್ನು ಎಳೆದುಕೊಟ್ಟರು. ಅದು ಬೆಳ್ಳಗೇ ಉಳಿಯಿತು. ಹಳೇ ನ್ಯೂಸ್‌ಪೇಪರಿನ ಚೂರು ಕೆಂಪಾಯಿತು.

"ಹೌದಲ್ಲ, ಇದೂ ಒಂದು ಕಾಲಕ್ಕೆ ಮರವೇ ಆಗಿತ್ತು!" ಮಾವ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದವರೇ ಮಾವ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅತ್ತೆ ಕೇಳಿಸಿಕೊಂಡು, "ಕಣ್ಣಾರೆ ಕಂಡ ಮೇಲೆ ನಂಬ್ತೀನಿ" ಎಂದುಬಿಟ್ಟರು.

ಮರುದಿನ ಅವರೂ ಇಬ್ಬರ ಜೊತೆ ಪ್ರಯೋಗಾಲಯಕ್ಕೆ ಬಂದರು. ಮೊದಲು ತಮ್ಮ ರೆಪ್ಪೆಗೂದಲೇ ಕಂಡಿತು. ಸೊಸೆ ತಿರುಪು ತಿರುಗಿಸಿಕೊಟ್ಟ ಮೇಲೆ ಕೆಂಪು ಗೊಂಚಲುಗಳು ಸ್ಪಷ್ಟವಾದವು.

"ಇಷ್ಟು ಮೆತ್ತಗಿನ ಹಣ್ಣು ಈ ಕಲ್ಲನ್ನ ಯಾಕೆ ಕಟ್ಟಿಕೊಂಡಿದೆ?"

"ಖಚಿತವಾಗಿ ಹೇಳೋಕಾಗಲ್ಲ ಅತ್ತೆ. ಬೀಜ ಕಾಯೋಕೆ ಇರಬಹುದು ಅಂತಾರೆ."

"ಹಾಗಾದ್ರೆ ಬೀಜದ ಹತ್ತಿರ ಜಾಸ್ತಿ ಇರಬೇಕಲ್ಲ? ಅಲ್ಲಿಂದ ಒಂದು ಚೂರು ಕೊಯ್ಯಿ."

ಸೊಸೆ ಬ್ಲೇಡ್ ಕೈಗೆತ್ತಿಕೊಂಡಳು. ಹೊಸ ಚೂರು ಬಣ್ಣ ಹೀರಿದಂತೆ ಕೆಂಪು ಗೊಂಚಲುಗಳು ಒತ್ತೊತ್ತಾಗಿ ಮೂಡಿದವು, ನಡುವೆ ಜಾಗವೇ ಇಲ್ಲ.

"ಸ್ವಲ್ಪ ಆಚೆ ಸರಿಯೇ, ನನಗೂ ಕಾಣಲಿ" ಎಂದರು ಮಾವ.

"ತಡೀರಿ," ಅತ್ತೆ ಕಣ್ಣು ಕದಲಿಸಲಿಲ್ಲ, "ನಾನಿನ್ನೂ ನೋಡ್ತಾ ಇದ್ದೀನಿ."