ಅಪ್ಪನ ಜಾಗ

"ಯಾವ್ದು?" ಅವ್ವ ಮತ್ತೆ ಕೇಳಿದಳು.

ಗುರುಬಸವರಾಜ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಒರೆಸಿದ ಮೇಲೂ ಎದುರಿಗೆ ಅದೇ ಇತ್ತು. ಬಿತ್ತನೆಗೆ ಹಸನು ಮಾಡಿದ ಹೊಲದಂಥ ಬಯಲು. ಗುಡ್ಡೆಗಳಿಲ್ಲ, ತಲೆಗಲ್ಲುಗಳಿಲ್ಲ. ಸಂತೇಬೆನ್ನೂರಿನ ರುದ್ರಭೂಮಿ ಇಷ್ಟು ಅಚ್ಚುಕಟ್ಟಾಗಿ ಎಂದೂ ಇದ್ದಿರಲಿಲ್ಲ. ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಅಪ್ಪ ನಗುತ್ತಿದ್ದ. ಕೆಳಗೆ, 'ತಂದೆಯವರ ಸ್ಮರಣಾರ್ಥ ಸ್ವಚ್ಛತಾ ಸೇವೆ: ಪುತ್ರ ಗುರುಬಸವರಾಜ್, ಎಂ.ಎ., ತತ್ವಶಾಸ್ತ್ರ ಉಪನ್ಯಾಸಕರು, ಚನ್ನಗಿರಿ.'

ಹಿರಿಯರ ಹಬ್ಬದ ದಿನ ಊರವರು ಎಡೆ ಹಿಡಿದು ಮುಳ್ಳುಕಂಟಿಯಲ್ಲಿ ತಡವರಿಸುವುದು ಬೇಡವೆಂದು ಅವನೇ ಜೆಸಿಬಿ ಮಾತಾಡಿದ್ದ. ಡ್ರೈವರ್ ಅಫ್ರೋಜ್ ಫೋನ್ ಮಾಡಿದಾಗ ತರಗತಿ ನಡೆದಿತ್ತು. "ಸರ್, ಗುಡ್ಡೆ ಬಿಟ್ಟು ಹೊಡೀಲಾ, ಎಲ್ಲಾ ಲೆವೆಲ್ ಮಾಡ್ಲಾ?" "ನೀಟಾಗಿ ಮಾಡಪ್ಪ," ಎಂದು ಫೋನಿಟ್ಟು, ಆತ್ಮಕ್ಕೆ ಸಾವಿಲ್ಲ ಎಂಬಲ್ಲಿಂದ ಪಾಠ ಮುಂದುವರಿಸಿದ್ದ. ಪಾಪ, ಅಫ್ರೋಜ್ ನೀಟಾಗಿಯೇ ಮಾಡಿದ್ದ.

ಮಣ್ಣು ಮಾಡುವ ದಿನ ಹೆಂಗಸರು ಇಲ್ಲಿಗೆ ಬರುವಂತಿಲ್ಲ. ಯುಗಾದಿಗೆ ಮುಂಚೆ ಅಪ್ಪನನ್ನು ಹೊತ್ತು ತಂದಾಗ ಅವ್ವ ಸಿದ್ದಲಿಂಗಮ್ಮ ಹೊಸಿಲಲ್ಲೇ ಉಳಿದಿದ್ದಳು. ಅಂದಿನಿಂದ ಹಬ್ಬದ ಈ ಅಮಾವಾಸ್ಯೆಗೆ ಕಾದಿದ್ದಳು. ಗಂಡನೆದುರು ಕೂತು ಮಾತಾಡುವುದಿತ್ತು ಅವಳಿಗೆ. ಅನ್ನ, ಸಾರು, ಹೋಳಿಗೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಎಲ್ಲ ಬುಟ್ಟಿಯಲ್ಲಿದ್ದವು. ಗಂಡ ಎಲ್ಲಿದ್ದಾನೆಂಬುದೊಂದೇ ಬಾಕಿ.

"ಅಲ್ಲಿ," ಎಂದು ಅವನು ಬೆರಳು ಚಾಚಿದ.

"ಹೌದಾ?"

"ಹೂಂ."

ಅವಳು ನಂಬಿದಳು. ಅವ್ವ ನೀರು ಚಿಮುಕಿಸಿ, ಎಲೆ ಹಾಸಿ ಬಡಿಸಿ, ಮಣ್ಣಿನ ಮೇಲೆ ಅಂಗೈಯಿಟ್ಟು ಕೂತಳು. "ಏನ್ರೀ, ಹೋಗಾವಾಗ ಒಂದು ಮಾತು ಹೇಳಾಕೆ ಆಗ್ಲಿಲ್ವಾ ನಿಮ್ಗೆ? ನಾನೇನು ಹಿಡ್ಕೊಂತಿದ್ನಾ?" ಎಂದು ಜಗಳ ಶುರುಮಾಡಿದಳು. ಗುರುಬಸವರಾಜ್ ಮುಖ ತಿರುಗಿಸಿಕೊಂಡ. ಯಾರದೋ ಹೆಣದ ಮೇಲೆ, ಅಥವಾ ಬರೀ ಮಣ್ಣಿನ ಮೇಲೆ, ಅವ್ವನ ಸಂಸಾರ ನಡೆದಿತ್ತು.

ಹಿಂದಿನ ಬೀದಿಯ ಕಸ್ತೂರಮ್ಮ ಬುಟ್ಟಿ ಹೊತ್ತು ಅಲ್ಲಿಗೇ ಬಂದು ನಿಂತಳು.

"ಸಿದ್ದಲಿಂಗಕ್ಕ, ಏಳಕ್ಕ. ಇದು ನಮ್ಮನೆಯವ್ರದು."

"ನಿಮ್ಮೋರು ಇಲ್ಲಿಗೆ ಹೆಂಗೆ ಬಂದ್ರು? ನನ್ ಮಗ ತೋರ್ಸಿದಾನೆ."

"ಎಲ್ಲಾ ಕೆರೆಸಿ ಹಾಕಿದೋನು ಈಗ ತೋರ್ಸಾಕೆ ಬಂದಾನಾ?"

ಗುರುಬಸವರಾಜ್ ಗಂಟಲು ಸರಿಮಾಡಿಕೊಂಡ. ಈ ಹಬ್ಬದ ಒಳಾರ್ಥದ ಬಗ್ಗೆ ಅವನಿಗೆ ತಿಳಿಯದ್ದೇನಿರಲಿಲ್ಲ. "ನೋಡಮ್ಮ, ಸ್ಮಶಾನ ಅಂದರೆ ಶಿವನ ಅಂಗಳ. ಇಲ್ಲಿ ನಾನು, ನನ್ನದು ಅನ್ನೋದು ಕರಗಬೇಕು. ಆಧ್ಯಾತ್ಮಿಕವಾಗಿ ಜಾಗ ಮುಖ್ಯ ಅಲ್ಲ."

"ಹಂಗಾರೆ ದಿನಾ ಸಂಜೆ ಸಿಕ್ಕಿದೋರ ಮನೆಗೆ ಹೋಗಿ ಮಲಗ್ತೀಯೇನೋ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು.

ಅವನನ್ನು ಪಾರುಮಾಡಿದ್ದು, ಅಥವಾ ಮುಳುಗಿಸಿದ್ದು, ಪಂಚಾಯ್ತಿ ಮೆಂಬರ್ ಸಿದ್ದಲಿಂಗೇಶ್. "ಸುಮ್ನಿರ್ರಿ. ಓದಿದೋರು ಅಳತೆ ಇಟ್ಕಳದೆ ಮಾಡಿಸ್ತಾರಾ? ಹೇಳ್ರೀ ಸರ್, ನಮ್ಮಪ್ಪಂದು ಎಲ್ಲಿ ಬರ್ತೈತೆ?"

ಅಳತೆ ಇಲ್ಲ ಎನ್ನಬಹುದಿತ್ತು. ಎರಡೇ ಪದ. ಅವನು ಬೇವಿನ ಮರವನ್ನೂ ಕಾಂಪೌಂಡನ್ನೂ ಒಮ್ಮೆ ನೋಡಿ, ಮೂರು ಹೆಜ್ಜೆ ಸರಿದು, "ಇಲ್ಲಿ," ಎಂದ.

ಸಿದ್ದಲಿಂಗೇಶ್ ಅಲ್ಲೇ ಅಡ್ಡಬಿದ್ದ. ಸರಿ, ಮುಗಿಯಿತು. ನಮ್ಮವ್ವಂದು, ನಮ್ಮ ಮಾವಂದು, ಹೋದ ವರ್ಷ ಕಾಮಾಲೆಯಲ್ಲಿ ಹೋದ ಕೂಸಿಂದು ಎಂದು ಜನ ಸುತ್ತಿಕೊಂಡರು. ಅವನು ತೋರಿಸುತ್ತ ನಡೆದ. ಪರೀಕ್ಷೆಯ ಹಾಲಿನಲ್ಲಿ ಹುಡುಗರನ್ನು ಕೂರಿಸಿದಂತೆ ಸತ್ತವರನ್ನು ಸಾಲಾಗಿ ಕೂರಿಸಿದ. ಜನ ಅತ್ತರು, ಕೈಮುಗಿದರು, ಊದಿನಕಡ್ಡಿ ಹಚ್ಚಿದರು. ನಾಚಿಕೆಗೇಡೆಂದರೆ ಅವನಿಗೆ ಖುಷಿಯಾಗತೊಡಗಿತು. ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಅವನ ಮಾತನ್ನು ಹಿಂದೆಂದೂ ಕೇಳಿರಲಿಲ್ಲ. ಕಸ್ತೂರಮ್ಮ ಮತ್ತೆ ಬಾಯಿ ತೆಗೆದಾಗ, ಜಗಳ ಬೇಡವೆಂದು, ಅವ್ವ ಕೂತಿದ್ದ ಜಾಗವನ್ನೇ ಅವಳಿಗೆ ಕೊಟ್ಟುಬಿಟ್ಟ.

ಅವ್ವ ಎಲೆ ಎತ್ತಿಕೊಂಡು ನಿಂತಳು. ಸಾರು ಮುಂಗೈಗೆ ಇಳಿಯುತ್ತಿತ್ತು.

"ಹಂಗಾರೆ ನಿಮ್ಮಪ್ಪ?"

ಅವನು ಸುತ್ತ ನೋಡಿದ. ಎಲ್ಲೆಲ್ಲೂ ಎಲೆ, ಎಲ್ಲೆಲ್ಲೂ ಬಾಗಿದ ಬೆನ್ನು. ಊರಿನ ಸತ್ತವರಿಗೆಲ್ಲ ಜಾಗ ಹಂಚಿ ಅಪ್ಪನನ್ನೇ ಮರೆತಿದ್ದ. ಕಾಂಪೌಂಡಿನ ಮೂಲೆಯಲ್ಲಿ ಒಂದಿಷ್ಟು ತೆರವಿತ್ತು. ಗೇಟಿನಿಂದ ಇನ್ನೂ ಜನ ಬರುತ್ತಿದ್ದರು. ಅವನು ಪಂಚೆ ಎತ್ತಿ ಓಡಿದ. ಬಸ್ಸಿನ ಸೀಟು ಹಿಡಿದವನಂತೆ ಅಲ್ಲಿ ಕಾಲಗಲಿಸಿ ನಿಂತು ಕೂಗಿದ, "ಇದು, ಅವ್ವ! ಇದೇ!"

ಅವ್ವ ನಿಧಾನವಾಗಿ ಬಂದಳು. ಅವನ ಮುಖ ನೋಡಿದಳು.

"ನಿನಗೆ ಗೊತ್ತಿಲ್ಲ ಅಲ್ವಾ?"

ಅವನು ಅಳು ಬಂದೀತೆಂದುಕೊಂಡ. ಬರಲಿಲ್ಲ. ಪಕ್ಕಕ್ಕೆ ಸರಿಯಲು ಕಾಲೆತ್ತಿದ.

"ಸರೀಬ್ಯಾಡ," ಎಂದಳು ಅವ್ವ. "ಸರಿದ್ರೆ ಇದೂ ಹೋಗ್ತೈತೆ."

ಅವನ ಪಾದದ ಮುಂದೆ ಎಲೆ ಇಟ್ಟಳು. ಚೆಲ್ಲಿದ್ದನ್ನು ಮತ್ತೆ ಬಡಿಸಿದಳು. ಎಲೆಯ ಸುತ್ತ ನೀರು ಕಟ್ಟಿದಳು. ಎದ್ದು ನಿಂತು ಅವನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಆಮೇಲೆ ತಲೆ ಮೇಲೆ ಸೆರಗು ಹೊದ್ದು, ನೆಲಕ್ಕೆ ಕೂತು, ಮಗನೊಂದಿಗೆ ಯಾವತ್ತೂ ಆಡದ ದನಿಯಲ್ಲಿ ಮೆಲ್ಲಗೆ ಅಂದಳು.

"ಉಣ್ರೀ."

ತಡವಾಗಿ ಬಂದ ಒಂದು ಮನೆಯವರು ಬುಟ್ಟಿ ಹಿಡಿದು ಅತ್ತಿತ್ತ ನೋಡಿದರು. ಬೇರೆಲ್ಲೂ ಜಾಗ ಕಾಣದೆ, ತಮ್ಮ ಎಲೆಯನ್ನೂ ಅವನ ಕಾಲ ಬಳಿಯೇ ಹಾಸಿ ಕೈಮುಗಿದರು. ಗುರುಬಸವರಾಜ್ ಉಸಿರಾಡುವುದು ಕಾಣದ ಹಾಗೆ ಉಸಿರಾಡುತ್ತ ನಿಂತ.