ಕಿವಿಯ ಹಿಂದಿನ ಕಾವಲುಗಾರ

ನಾನೊಂದು ಟಿ ಕೋಶ, ರಕ್ತದ ಕಾವಲು ಪಡೆಯವನು. ಹುಟ್ಟಿದ್ದು ಬಳೆಗಾರ್ತಿ ಶಂಕ್ರವ್ವನ ತೊಡೆಮೂಳೆಯ ಮಜ್ಜೆಯಲ್ಲಿ. ಆಗ ಆಕೆಗೆ ಆರು ವರ್ಷ. ಓದಿದ್ದು ಎದೆಮೂಳೆಯ ಹಿಂದಿನ ಥೈಮಸ್ ಎಂಬ ಶಾಲೆಯಲ್ಲಿ. ಅಲ್ಲಿಯ ಮುಖ್ಯ ಪಾಠ, ನಮ್ಮವರನ್ನು ಮುಟ್ಟಬಾರದು. ನೂರರಲ್ಲಿ ತೊಂಬತ್ತೈದು ಮಂದಿ ಫೇಲಾಗಿ ಅಲ್ಲೇ ಮಣ್ಣಾದರು. ನಾನು ಪಾಸಾದೆ. ಹೇಗೆಂದು ಯಾರೂ ಕೇಳಲಿಲ್ಲ.

ಕೆಲಸ ಸಿಕ್ಕಿದ್ದು ಕಿವಿಯ ಹಿಂದಿನ ಗ್ರಂಥಿಯಲ್ಲಿ. ಸುಖದ ಜಾಗ. ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸರು ಗಜೇಂದ್ರಗಡದ ಸುದ್ದಿಯನ್ನೆಲ್ಲ ಅಲ್ಲಿಗೇ ತಂದು ಸುರಿಯುತ್ತಿದ್ದರು.

ಶಂಕ್ರವ್ವನಿಗೆ ನಲವತ್ತೈದಾದಾಗ, ಒಂದು ಜ್ವರದ ಗಡಿಬಿಡಿಯಲ್ಲಿ, ಪ್ಲೇಟ್‌ಲೆಟ್ ಒಂದನ್ನು ಕಂಡು ನನಗೆ ಅನುಮಾನ ಬಂತು. ಪಾಪದವು ಅವು; ಗಾಯವಾದಲ್ಲಿಗೆ ಓಡಿ ರಕ್ತ ನಿಲ್ಲಿಸುವುದೇ ಅವುಗಳ ಕಸುಬು. "ಇದರ ಮುಖ ಸರಿಯಿಲ್ಲ" ಎಂದು ಪಕ್ಕದ ಬಿ ಕೋಶದ ಕಿವಿಗೆ ಹಾಕಿದೆ. ನಾನು ಹೇಳಿದ್ದು ಅಷ್ಟೇ. ಅದು ಪ್ರತಿಕಾಯಗಳನ್ನು ತಯಾರಿಸಿ ಮೈತುಂಬ ಹಂಚಿತು. ಪ್ರತಿಕಾಯ ಅಂಟಿದ ಪ್ಲೇಟ್‌ಲೆಟ್‌ಗಳನ್ನು ಹೊಟ್ಟೆಯ ಎಡಮಗ್ಗುಲಿನ ಗುಲ್ಮ ನುಂಗತೊಡಗಿತು. "ಬಿಡ್ರಪ್ಪಾ, ನಮ್ಮವರೇ" ಎಂದು ತಡೆಯುವ ಹಿರಿಯ ಟಿ ಕೋಶಗಳು ಆ ಹೊತ್ತಿಗೆ ಕಡಿಮೆಯಾಗಿದ್ದವು.

ಶಂಕ್ರವ್ವನ ತೋಳ ಮೇಲೆ ನೀಲಿ ಕಲೆಗಳೆದ್ದವು. ಎದುರುಮನೆ ದ್ಯಾಮವ್ವ ಆಕೆಯ ಗಂಡನನ್ನೇ ಹಿಡಿದಳು.

"ಯಾಕೋ ಫಕೀರಪ್ಪ, ಹೇಣ್ತಿ ಮ್ಯಾಲೆ ಕೈ ಎತ್ತಾಕ ಹತ್ತೀಯೇನು?"

"ಆಕಿ ಮುಂದ ದನಿ ಎತ್ತಾಕ ಧೈರ್ಯ ಇಲ್ಲ ಯಕ್ಕಾ, ಇನ್ನ ಕೈ ಎಲ್ಲಿಂದ ಎತ್ತಲಿ?"

ಓಣಿ ನಂಬಲಿಲ್ಲ. ತಾನು ಹೊಡೆದಿಲ್ಲವೆಂದು ಬರೆಸಿಕೊಂಡು ಬರಲು ಫಕೀರಪ್ಪ ಹೆಂಡತಿಯನ್ನು ಡಾಕ್ಟರ ಬಳಿ ಕರೆದೊಯ್ದ. ರಕ್ತಪರೀಕ್ಷೆಯಾಯಿತು.

"ಗಂಡಂದು ತಪ್ಪಿಲ್ಲ," ಎಂದರು ಡಾಕ್ಟರು. "ನಿಮ್ಮ ರಕ್ತದ ಕಾವಲಿನವರೇ ಪ್ಲೇಟ್‌ಲೆಟ್ ಹಾಳು ಮಾಡಾಕತ್ಯಾರ. ಅವು ಏರೋತನಕ ಗಾಜಿನ ಬಳಿ ಮುಟ್ಟಬ್ಯಾಡ್ರಿ. ಚೂರು ಚುಚ್ಚಿದ್ರ ರಕ್ತ ನಿಲ್ಲಂಗಿಲ್ಲ."

"ಮುಂದಿನ ತಿಂಗಳ ಮಗಳ ಕುಬಸ ಐತ್ರಿ. ಊರಿಗೆಲ್ಲ ಬಳಿ ತೊಡಿಸಿದಾಕಿ ನಾ; ಬಸುರಿ ಮಗಳಿಗೆ ಬ್ಯಾರೆಯವರು ತೊಡಸಬೇಕೇನ್ರಿ?"

ಕಿವಿಯ ಹಿಂದೆ ಕೂತ ನನಗೆ ಪ್ರತಿ ಮಾತೂ ಕೇಳಿಸಿತು. ದ್ಯಾಮವ್ವನೂ ನನ್ನಂತೆ ಮನೆಯವರನ್ನೇ ಅನುಮಾನಿಸಿದವಳು. ಆದರೆ ಅವಳ ತಪ್ಪು ಡಾಕ್ಟರ ಬಾಗಿಲು ತೋರಿಸಿತು.

ಸ್ಟೆರಾಯ್ಡ್ ಗುಳಿಗೆಗಳು ಇಳಿದವು. ನನ್ನ ಬಾಯಿಗೆ ಬೀಗ ಬಿತ್ತು, ತಡೆಯುವ ಹಿರಿಯರು ಮರಳಿ ಬಂದು ಕಟ್ಟೆ ಹಿಡಿದು ಕೂತರು. ಶಂಕ್ರವ್ವನ ಹಸಿವು ಹೆಚ್ಚಿ ಫಕೀರಪ್ಪನ ಪಾಲಿನ ರೊಟ್ಟಿಗೂ ಸಂಚಕಾರ ಬಂತು. ನಾಲ್ಕನೆಯ ವಾರ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, "ತೊಡಸ್ರಿ" ಎಂದರು.

ಕುಬಸದ ದಿನ ಹಸಿರು ಬಳೆಗಳು ಮಗಳ ಮುಂಗೈಗೆ ಸಲೀಸಾಗಿ ಏರಿದವು. ಆಮೇಲೆ ದ್ಯಾಮವ್ವ ತನ್ನ ದಪ್ಪ ಕೈ ಚಾಚಿದಳು. ಬಳೆ ಒಡೆದು ಶಂಕ್ರವ್ವನ ಬೆರಳಿಗೆ ಚುಚ್ಚಿತು. ಎಲ್ಲರೂ ಬಗ್ಗಿ ಬೆರಳನ್ನೇ ನೋಡಿದರು. ರಕ್ತ ಒಸರಿತು, ನಿಧಾನವಾಯಿತು, ನಿಂತಿತು.

"ಈ ಸಲ ನೋಡಿದಿ ಹೌದಿಲ್ಲೋ ಯಕ್ಕಾ," ಎಂದ ಫಕೀರಪ್ಪ ಬಾಗಿಲ ಬಳಿಯಿಂದ, ಎರಡೂ ಕೈ ಮೇಲೆತ್ತಿ. "ನನ್ನ ಕೈ ಇಲ್ಲೇ ಅದಾವ."

ಈಗ ನನಗೆ ವಯಸ್ಸಾಗಿದೆ. ಆಗಾಗ ಪ್ಲೇಟ್‌ಲೆಟ್ ಒಂದು ಎದುರು ಹಾಯುತ್ತದೆ. ಅದರ ಮುಖ ನನಗೆ ಈಗಲೂ ಸರಿ ಕಾಣುವುದಿಲ್ಲ. ಆದರೂ ಬಾಯಿ ಬಿಡುವುದಿಲ್ಲ. ಪಕ್ಕದಲ್ಲೇ ಹಿರಿಯರೊಬ್ಬರು ಕೂತಿದ್ದಾರೆ.